ಹೊಗೆ ಕವಿದ ಶಿಖರ

ನನ್ನ ಹೆಂಡತಿಯ ದೃಷ್ಟಿ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತಾ ಬಂದಿತ್ತು. ಮೊದಲು ರಾತ್ರಿ ಡ್ರೈವ್ ಮಾಡುವುದು ನಿಂತಿತು, ಆಮೇಲೆ ಹಗಲೂ. ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುತ್ತಿದ್ದ ಡಾಕ್ಟರ್ ಅವಳು. ಆ ಕೆಲಸವನ್ನೂ ಬಿಟ್ಟಳು. ಕೊಳವೆಯೊಳಗಿಂದ ಕಂಡಷ್ಟೇ ಜಗತ್ತು ಉಳಿದಾಗ, ಏನು ನೋಡಬೇಕೆಂದು ಮಗಳೂ ನಾನೂ ಕೇಳಿದೆವು. "ಆ ಗುಡ್ಡಾ," ಎಂದಳು.

ಗುಡ್ಡವೆಂದರೆ ಕ್ಯಾಲಿಫೋರ್ನಿಯಾದ ಉತ್ತರದಲ್ಲಿರುವ ಒಂದು ಜ್ವಾಲಾಮುಖಿ. ನಾವಿರುವ ಬಯಲುಸೀಮೆಯ ಊರು ನೇಪರ್‌ವಿಲ್‌ ಸುತ್ತ ಹೈವೇ ಸೇತುವೆಗಿಂತ ಎತ್ತರದ್ದೇನೂ ಇಲ್ಲ. ಮಗಳು ಚಿಕ್ಕವಳಿದ್ದಾಗ ಎರಡು ಸಲ ಅಲ್ಲಿಗೆ ಹೋಗಿದ್ದೆವು. ಮೊದಲ ಸಲ ಜುಲೈನಲ್ಲಿ, ದಾರಿಯ ತಿರುವುಗಳಲ್ಲಿ ಇನ್ನೂ ಹಿಮವಿತ್ತು. ಕರಗಿದ ಕಡೆ ಬೂದಿಯಂಥ ಮಣ್ಣಿನಿಂದ ನೀಲಿ ಹೂ ಎದ್ದಿತ್ತು. ಇನ್ನೊಂದು ವರ್ಷ ಸೆಪ್ಟೆಂಬರಿನಲ್ಲಿ ಹೂವಿರಲಿಲ್ಲ, ತುದಿಯ ತುಂಬ ಕಿತ್ತಳೆ ಚಿಟ್ಟೆಗಳು. ಉತ್ತರಕ್ಕೆ, ಬಹಳ ದೂರದಲ್ಲಿ, ಇನ್ನೊಂದು ಬಿಳಿ ಜ್ವಾಲಾಮುಖಿ. ಅದನ್ನು ನೋಡುತ್ತಾ ಹೆಂಡತಿ ಬುತ್ತಿ ಬಿಚ್ಚುವುದನ್ನೇ ಮರೆತಿದ್ದಳು.

ಈ ಸಲ ಹೋದದ್ದು ಆಗಸ್ಟಿನಲ್ಲಿ. ನಾವು ವಿಮಾನ ಇಳಿದ ದಿನವೇ ದೂರದ ಕಾಡಿಗೆ ಬೆಂಕಿ ಬಿತ್ತು. ಬೆಳಗ್ಗೆ ಎದ್ದರೆ ಆಕಾಶ ಕಂದುಬಣ್ಣ. ವಾಪಸ್ ಹೋಗೋಣ ಎಂದೆ. ಅವಳು ಆಗಲೇ ಬೂಟಿನ ಲೇಸು ಕಟ್ಟುತ್ತಿದ್ದಳು.

ಮಾಸ್ಕ್ ಹಾಕಿಕೊಂಡು ಎರಡೂವರೆ ಮೈಲಿ ಹತ್ತಿದೆವು. ಮಗಳು ಮುಂದೆ, ಕಲ್ಲು ಬಂದಲ್ಲೆಲ್ಲ ಕೂಗಿ ಹೇಳುತ್ತಾ. ಹೆಂಡತಿ ನನ್ನ ಬೆನ್ನಿನ ಚೀಲ ಹಿಡಿದು ಹಿಂದೆ. ತುದಿ ಮುಟ್ಟಿದಾಗ ಸುತ್ತ ಹೊಗೆಯ ಹೊರತು ಏನೂ ಇರಲಿಲ್ಲ. ಬಂಡೆಗಳ ಸಂದಿಯಲ್ಲೆಲ್ಲೋ ಪೈಕಾ ಚೀರಿತು. ಬಾಲವಿಲ್ಲದ, ಅಂಗೈಯಷ್ಟಿರುವ ಮೊಲದ ಜಾತಿ ಅದು. ಚಳಿಗಾಲಕ್ಕೆಂದು ಹುಲ್ಲು ಒಣಗಿಸಿ ಬಂಡೆಯಡಿ ಕೂಡಿಡುತ್ತದೆ.

"ಎಲ್ಲೈತ್ರಿ?" ಎಂದು ಅವಳು ಕೇಳಿದಳು.

"ಅಲ್ಲೇ, ಬಾಯಾಗ ಹುಲ್ಲ ಹಿಡ್ಕೊಂಡು ಕುಂತೈತಿ." ನನಗೇನೂ ಕಂಡಿರಲಿಲ್ಲ.

"ಬಿಳೀ ಗುಡ್ಡ?"

"ಅದೂ ಕಾಣತೈತಿ. ಛಲೋ ಕಾಣತೈತಿ."

ಮಗಳು ತಡೆಯಲಾರದೆ ಹೋದಳು. "ಡ್ಯಾಡ್, ಸ್ಟಾಪ್ ಇಟ್! ಅಮ್ಮಾ, ದೇರ್ ಈಸ್ ನಥಿಂಗ್. ಇಟ್ಸ್ ಆಲ್ ಸ್ಮೋಕ್."

ನನ್ನ ಚೀಲದ ಮೇಲಿದ್ದ ಕೈ ಸಡಿಲವಾಯಿತು. "ನೀವು ಕಾಣತೈತಿ ಅಂದ್ರಿ," ಎಂದಳು ಮೆಲ್ಲಗೆ. "ನನ್ನ ಕಣ್ಣ ಪೂರಾ ಹೋದ್ವು ಅಂತ ತಿಳ್ಕೊಂಡೆ."

ಇಳಿಯುವಾಗ ಅವಳು ಮಗಳ ಹೆಗಲು ಹಿಡಿದಳು.

ನವೆಂಬರಿನಲ್ಲಿ ಪಕ್ಕದ ಊರು ಡೌನರ್ಸ್ ಗ್ರೋವ್‌ನ ಕಣ್ಣಿನ ಡಾಕ್ಟರು, ಇನ್ನು ಮಾಡುವುದೇನೂ ಇಲ್ಲ ಎಂದರು. ವಾಪಸ್ ಬರುತ್ತಾ ಕಾರಿನಲ್ಲಿ, "ಮುಂದಿನ ಜುಲೈದಾಗ ಹೋಗೂಣು, ಹೂ ಇರತಾವ," ಎಂದೆ.

"ಏನ್ ನೋಡಾಕ?" ಎಂದಳು.

ಜುಲೈ ಬಂತು, ಹೋಯಿತು. ಮರುವರ್ಷದ ಹೊತ್ತಿಗೆ ಅವಳಿಗೆ ಬೆಳಕು, ಕತ್ತಲೆ ಇವೆರಡರ ವ್ಯತ್ಯಾಸವಷ್ಟೇ ಉಳಿದಿತ್ತು. ಈಗ ಮೆಟ್ಟಿಲಿಳಿಯಲು ಮಗಳನ್ನೇ ಕರೆಯುತ್ತಾಳೆ. ಮಗಳು ಇಲ್ಲದ ದಿನ, ನಾನು ಪಕ್ಕದಲ್ಲೇ ನಿಂತಿದ್ದರೂ, ಗೋಡೆ ಹಿಡಿದು ಇಳಿಯುತ್ತಾಳೆ.