ಬಂದೂಕಿನ ಮದ್ದಿನ ಎರಡು ಡಬ್ಬಿ

ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ವಿಲಾಯಿತಿಗೆ, ಇಲ್ಫರ್ಡಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಅಡುಗೆಮನೆ, ಬಚ್ಚಲು, ಮೆಟ್ಟಿಲ ಕೆಳಗಿನ ಗೂಡು ಎಲ್ಲ ಒಪ್ಪ ಮಾಡಿ ಮುಗಿಸಿದೆ. ಉಳಿದದ್ದು ಹಿತ್ತಲಿನ ಶೆಡ್ ಒಂದೇ. ಅದು ಅಳಿಯಂದಿರದು. ಅವರು ಕೊಡಗಿನವರು, ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಾರೆ. ಲೈಸೆನ್ಸ್ ಇದೆ, ಎರಡು ಬಂದೂಕೂ ಕಬ್ಬಿಣದ ಬೀರುವಿನಲ್ಲಿವೆ. ತೋಟಾಗಳನ್ನು ಮಾತ್ರ ಅಂಗಡಿಯಿಂದ ತರುವುದಿಲ್ಲ. ಹಾರಿಸಿದ ಹಿತ್ತಾಳೆ ಕೊಳವೆಗಳನ್ನೇ ಆರಿಸಿ ತಂದು, ತೊಳೆದು, ಹೊಸದಾಗಿ ಮದ್ದು ತುಂಬಿ, ಮೇಲೆ ಗುಂಡು ಕೂರಿಸುತ್ತಾರೆ. ನಾವು ಉಪ್ಪಿನಕಾಯಿ ಮನೆಯಲ್ಲೇ ಹಾಕುವ ಹಾಗೆ.

ಒಂದು ಶುಕ್ರವಾರ ಫೋನ್ ಬಂತೆಂದು ಅವರು ಶೆಡ್ಡಿನ ಬಾಗಿಲು ತೆರೆದಿಟ್ಟೇ ಹೊರಟುಹೋದರು. ನಾನು ಪೊರಕೆ ಹಿಡಿದು ಒಳಗೆ ಹೋದೆ. ಮೇಜಿನ ಮೇಲೆ ಮದ್ದಿನ ಎರಡು ಡಬ್ಬಿ. ದೊಡ್ಡದರಲ್ಲಿ ಅರ್ಧ ಇತ್ತು, ಚಿಕ್ಕದರ ತಳದಲ್ಲಿ ಎರಡು ಹಿಡಿ. ಎರಡೂ ಕಪ್ಪಗೆ, ಸಣ್ಣ ಕಾಳುಕಾಳು. ನನ್ನ ಕಣ್ಣಿಗೆ ಒಂದೇ. ಹಳೇ ತೊಗರಿಬೇಳೆ ತಳದಲ್ಲಿ ಉಳಿದರೆ ಹೊಸದಕ್ಕೆ ಸುರಿಯುವುದಿಲ್ಲವೆ? ಸುರಿದೆ. ಖಾಲಿ ಡಬ್ಬಿ ರೀಸೈಕ್ಲಿಂಗಿಗೆ ಹಾಕಿದೆ. ಕೆಲಸ ಮಾಡಿದ ಖುಷಿಗೆ ಎರಡು ಲೋಟ ಕಾಫಿ ಕುಡಿದೆ.

ಶನಿವಾರ ಬೆಳಿಗ್ಗೆ ಒಳ್ಳೆಯ ಬಿಸಿಲು. ಮಾರನೆಯ ದಿನ ಅವರಿಗೆ ಸ್ಪರ್ಧೆ, ವರ್ಷವೆಲ್ಲ ಕಾದಿದ್ದದ್ದು. ದೋಸೆಗೆ ಕರೆಯಲು ಶೆಡ್ಡಿಗೆ ಹೋದಾಗ ನಲವತ್ತು ತೋಟಾ ಸಾಲಾಗಿ ನಿಂತಿದ್ದವು, ಮದ್ದಿನ ಡಬ್ಬಿ ಇನ್ನೂ ಅವರ ಕೈಯಲ್ಲೇ ಇತ್ತು.

“ನೋಡಿದ್ರಾ, ನಿಮ್ ಮೇಜು ಹೇಗ್ ಫಳಫಳ ಅಂತಿದೆ! ಎರಡೆರಡು ಡಬ್ಬಿ ಯಾತಕ್ಕೆ ಅಂತ ಒಂದಕ್ಕೇ ಸುರಿದುಬಿಟ್ಟೆ,” ಎಂದೆ.

ಅವರ ಕೈ ಹಾಗೇ ನಿಂತಿತು. “ಯಾವುದನ್ನ ಯಾವುದಕ್ಕೆ, ಅತ್ತೆ?”

“ಚಿಕ್ಕದ್ರಲ್ಲಿದ್ದಿದ್ದನ್ನ ದೊಡ್ಡದಕ್ಕೆ. ಅದೇ, ನಿಮ್ಮ ಕೈಲಿರೋದು.”

ಮನುಷ್ಯ ಕೂಗಾಡಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿ ಸ್ಟೂಲಿನ ಮೇಲೆ ಕೂತರು. ಎರಡು ಬಂದೂಕಿಗೆ ಎರಡು ಬಗೆಯ ಮದ್ದಂತೆ. ಒಂದು ಒಣಹುಲ್ಲಿನ ಹಾಗೆ ಭಗ್ಗನೆ ಉರಿಯುವುದು, ಇನ್ನೊಂದು ಕೊರಡಿನ ಹಾಗೆ ನಿಧಾನಕ್ಕೆ. ಬೆರೆತರೆ ಎಷ್ಟು ಜೋರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬಂದೂಕು ಮುಖದ ಹತ್ತಿರವೇ ಒಡೆದು ಕಣ್ಣು, ಬೆರಳು ಹೋಗಬಹುದಿತ್ತು ಎಂದರು.

ನಾನು ಬಾಗಿಲು ಹಿಡಿದುಕೊಂಡೆ. ಬಾಯಿ ಮಾತ್ರ ಹಿಡಿಯಲಾಗಲಿಲ್ಲ.

“ತಪ್ಪು ನಂದೇ. ಆದ್ರೆ ಬಾಗ್ಲು ತೆಗೆದಿಟ್ಟು ಹೋದೋರು ಯಾರು? ಎರಡು ಡಬ್ಬೀನೂ ಒಟ್ಟಿಗೆ ಹೊರಗಿಟ್ಟೋರು ಯಾರು?”

“ನಾನೇ ಅತ್ತೆ. ಮೇಜಿನ್ಮೇಲೆ ಒಂದ್ಸಲಕ್ಕೆ ಒಂದೇ ಡಬ್ಬಿ ಅಂತ ಕ್ಲಬ್ಬಲ್ಲಿ ಎಲ್ಲರಿಗೂ ಪಾಠ ಹೇಳೋನೂ ನಾನೇ,” ಎಂದು ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ತೋಟಾ ಬಿಚ್ಚಲು ಅವರ ಹತ್ತಿರ ಸುತ್ತಿಗೆಯಂಥದ್ದೊಂದಿದೆ. ತೋಟಾವನ್ನು ಅದರೊಳಗಿಟ್ಟು ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಬೇರೆಯಾಗಿ ಉದುರುತ್ತವೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಅವರು ಕುಟ್ಟಿದರು. ನಾನು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಬೈಯುತ್ತಾ, ಬೈಸಿಕೊಳ್ಳುತ್ತಾ ಕೂತೆ. ಮೊಮ್ಮಗಳು ಮೇಲಿನ ಕಿಟಕಿಯಿಂದ, “ಅಜ್ಜಿ, ಯು ನಿಯರ್ಲಿ ಬ್ಲೂ ಅಪ್ ಡ್ಯಾಡ್! ಅಪ್ಪನ್ನೇ ಉಡಾಯಿಸ್ಬಿಡ್ತಿದ್ದೆ!” ಎಂದು ಕೂಗಿದಳು.

“ನಂಗಿರೋದೊಂದೇ ಅಳಿಯ ಕಣೇ, ಅಷ್ಟ್ ಸುಲಭಕ್ಕೆ ಬಿಡ್ತೀನಾ!”

ನಲವತ್ತನ್ನೂ ಬಿಚ್ಚಿದ್ದಾಯಿತು. ಬೆರೆತ ಮದ್ದು ಕೆಲಸಕ್ಕೆ ಬಾರದು, ಸ್ಪರ್ಧೆಗೆ ಬೇಕಾದ ಬಗೆಯ ಹೊಸ ಮದ್ದು ಆ ದಿನ ಅಂಗಡಿಯಲ್ಲಿ ಸಿಗಲಿಲ್ಲ, ಸ್ಪರ್ಧೆ ತಪ್ಪಿತು. ಶೆಡ್ಡಿಗೆ ಹೊಸ ಬೀಗ ಬಂತು. ಅದರ ಕೀಲಿ ನನ್ನ ಕೈಗೆ ಸಿಗುವುದಿಲ್ಲ, ಸರಿಯಾಗೇ ಇದೆ.

ಭಾನುವಾರ ಒತ್ತುಶ್ಯಾವಿಗೆ ಮಾಡಿದೆ. ಶ್ಯಾವಿಗೆ ಒರಳಿನ ಹಿಡಿ ತಿರುಗಿಸಲು ಬಲವಾದ ಕೈ ಬೇಕಿತ್ತು, ಅಳಿಯಂದಿರು ಬಂದು ಅಂಗಿಯ ತೋಳು ಮಡಚಿ ನಿಂತರು. ಹಿಡಿಯ ಮೇಲಿನ ಹತ್ತೂ ಬೆರಳನ್ನು ನಾನು ನೋಡುತ್ತಲೇ ಇದ್ದೆ.

“ಏನತ್ತೆ, ಹಾಗ್ ನೋಡ್ತೀರಿ?”

“ಎಳೆ ತುಂಡಾಗ್ತಿದೆ, ನಿಲ್ಲಿಸ್ದೆ ಒತ್ತಿ,” ಎಂದೆ.