ಫಕೀರಪ್ಪನನ್ನು ಬೇಡವೆಂದವನು

ನಾನು ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋದವನಲ್ಲ. ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಭಾವಮೈದುನನ ಬಲಗೈಗೆ ಕತ್ತಿ ಬೀಸಿ ಹೋದವನು. ಆ ಕೈ ಮತ್ತೆ ನೇಗಿಲು ಹಿಡಿಯಲಿಲ್ಲ. ಇಷ್ಟು ಹೇಳುವುದಕ್ಕೇ ಇಷ್ಟು ವರ್ಷ ಬೇಕಾಯಿತು — ಆದರೆ ಇದಕ್ಕಾದರೂ ಶಿಕ್ಷೆ ಅನುಭವಿಸಿದ್ದೇನೆ. ಇನ್ನೊಂದು ತಪ್ಪಿದೆ. ಅದಕ್ಕೆ ಜನ ಹಾರ ಹಾಕಿದರು.

ಬಿಡುಗಡೆಯಾದದ್ದು ಐವತ್ತೇಳನೇ ಇಸವಿಯೋ ಐವತ್ತೆಂಟೋ. ಹೊರಡುವಾಗ ಜೈಲರ್ ಹೇಳಿದ್ದರು: ಮೊದಲು ಪುಕ್ಕಟೆಯಾಗಿ ಒಂದು ಒಳ್ಳೆ ಕೆಲಸಕ್ಕೆ ಕೈ ಹಾಕು, ಜನ ಆ ಕೈ ನೋಡಿ ನಂಬುತ್ತಾರೆ. ಶಿಕಾರಿಪುರದ ಕಡೆಯ ನನ್ನ ಊರಿಗೆ ಮುಖ ತೋರಿಸುವಂತಿರಲಿಲ್ಲ. ಆನವಟ್ಟಿ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆ ಕಟ್ಟಲು ಶ್ರಮದಾನ ನಡೆದಿದೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಂಡರು. ಅಲ್ಲೇ ಇಳಿದೆ. ಗೋಡೆಯ ಮಣ್ಣು ತುಳಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರೆ ನಾನೊಬ್ಬ ಮುತ್ತುಗದ ಎಲೆಯನ್ನು ಎದೆಗೆ ಹಿಡಿದು, ತಲೆ ತಗ್ಗಿಸಿ ನಿಂತಿದ್ದೆ — ಜೈಲಿನ ಅಭ್ಯಾಸ.

“ಜೈಲು ಕಂಡೋರ ಹಂಗೆ ಇದೀರಲ್ರೀ?” ಅಂದರು ಹೆಡ್‌ಮೇಷ್ಟ್ರು.

“ಹೌದ್ರೀ.”

“ಯಾವ ಕಡೆಯೋರು?”

“ಶಿಕಾರಿಪುರದ ಕಡೆ.”

ಅಷ್ಟೇ. ಆ ಕಡೆಯಿಂದ ಚಳವಳಿಯಲ್ಲಿ ಒಳಗೆ ಹೋದವರು ಬಹಳ ಮಂದಿ. ಮೇಷ್ಟ್ರು ಊಟ ಬಿಟ್ಟು ಎದ್ದು ಕೈಮುಗಿದರು. ಅಲ್ಲ ಅನ್ನಬೇಕಿತ್ತು — ಬಾಯಿ ತೆರೆದೆ ಕೂಡ — ಅಷ್ಟರಲ್ಲಿ ಯಾರೋ ಕುರ್ಚಿ ತಂದರು. ನಾಲ್ಕು ವರ್ಷ ಬರೀ “ಏಯ್” ಅನ್ನಿಸಿಕೊಂಡವನು ನಾನು. ಕೂತುಬಿಟ್ಟೆ.

ಆಮೇಲೆ ಎದ್ದೇಳಲು ಆಗಲಿಲ್ಲ. ಸಮಿತಿಗೆ ಸೇರಿಸಿಕೊಂಡರು, ಧ್ವಜ ಏರಿಸಲು ಕರೆದರು. ಯಾರಾದರೂ “ಯಾವ ಜೈಲಿನಲ್ಲಿದ್ರಿ?” ಎಂದರೆ ಮಾತು ತಿರುಗಿಸುತ್ತಿದ್ದೆ. ಜೈಲಿಗಾದರೂ ಬಿಡುಗಡೆಯ ದಿನ ಅಂತ ಒಂದಿರುತ್ತದೆ, ಈ ಮರ್ಯಾದೆಗೆ ಅದೂ ಇರಲಿಲ್ಲ. ದಿನವೂ ನಾಳೆ ಹೇಳೋಣ ಅನ್ನುತ್ತಿದ್ದೆ.

ಗೋಡೆ ಎದ್ದು ಸೂರಿಗೆ ಬಂದಾಗ ಫಕೀರಪ್ಪ ಬಂದ. ನಾವಿಬ್ಬರೂ ಒಂದೇ ಜೈಲಿನಲ್ಲಿ, ಒಂದೇ ಕೋಣೆಯಲ್ಲಿ ಇದ್ದವರು. ಜ್ವರ ಬಂದು ಬಿದ್ದಾಗ ನನಗೆ ಗಂಜಿ ಕುಡಿಸಿದವನು ಅವನೇ. ನನ್ನನ್ನು ನೋಡಿದ, ಗುರುತು ಹಿಡಿದ, ಕಣ್ಣು ತಿರುಗಿಸಿಕೊಂಡ. ಸಮಿತಿಯ ಮುಂದೆ ನಿಂತು ಹೇಳಿದ:

“ನಾ ಜೈಲಿಂದ ಬಂದೀನ್ರೀ. ಎತ್ತು ಕದ್ದಿದ್ದೆ. ಅಲ್ಲೇ ಮರಗೆಲಸ ಕಲ್ತೀನಿ. ನಿಮ್ಮ ಶಾಲಿ ಬಾಗ್ಲು ಕಿಟಕಿ ಮಾಡಿಕೊಡ್ತೀನ್ರೀ, ಕೂಲಿ ಬ್ಯಾಡ.”

ನಾನು ಹೇಳಲಾರದ್ದನ್ನು ಅವನು ಒಂದೇ ಉಸಿರಿಗೆ ಹೇಳಿದ್ದ. ಊರ ಗೌಡರು ನನ್ನ ಕಡೆ ತಿರುಗಿದರು. “ನೀವೇನಂತೀರಿ? ಜೈಲಿನ ಜನದ ಗುಣ ನಿಮಗೆ ಗೊತ್ತಿರ್ತದೆ.”

ಅವನು ಇಲ್ಲಿ ಉಳಿದರೆ ಇವತ್ತಲ್ಲ ನಾಳೆ ನನ್ನ ಗುಟ್ಟು ಅವನ ಬಾಯಿಂದ ಬರುತ್ತದೆ — ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

“ಕದ್ದ ಕೈ ಸುಮ್ನಿರಲ್ಲ ಗೌಡ್ರೇ,” ಅಂದೆ. “ಬೇಡ.”

ಫಕೀರಪ್ಪ ಹೆಗಲ ಟವೆಲು ಸರಿಮಾಡಿಕೊಂಡ. ಜೈಲಿನಲ್ಲಿ ನನ್ನನ್ನು ಲೇ ತಮ್ಮಾ ಎನ್ನುತ್ತಿದ್ದವನು. “ಆತು ಬಿಡ್ರೀ ಯಜಮಾನ್ರೇ,” ಎಂದು, ನನಗೆ ಕೈಮುಗಿದು ಹೋದ. ನನ್ನ ಮಾನ ಉಳಿಸಿ ಹೋದ. ಹಿಂದೆ ಓಡಬೇಕಿತ್ತು, ಓಡಲಿಲ್ಲ.

ಕೆಲವು ತಿಂಗಳ ಮೇಲೆ, ಶಿರಾಳಕೊಪ್ಪದ ಸಂತೆಯಲ್ಲಿ ಅವನನ್ನು ಮತ್ತೆ ಪೊಲೀಸರು ಹಿಡಿದರೆಂದು ಸುದ್ದಿ ಬಂತು. “ನೀವು ಅವತ್ತೇ ಹೇಳಿದ್ರಿ,” ಎಂದು ಮೇಷ್ಟ್ರು ನನ್ನನ್ನು ಹೊಗಳಿದರು. ಆ ಹೊಗಳಿಕೆಯನ್ನೂ ಸುಮ್ಮನೆ ಕೇಳಿಸಿಕೊಂಡೆ. ಥೂ, ನನ್ನ ಜನ್ಮಕ್ಕೆ.

ಮೇಷ್ಟ್ರೂ ಗೌಡರೂ ಈಗಿಲ್ಲ. ಫಕೀರಪ್ಪನನ್ನು ಹುಡುಕಿಕೊಂಡು ಎರಡು ಸಲ ಶಿರಾಳಕೊಪ್ಪಕ್ಕೆ ಹೋದೆ — ಅಂಥವನೊಬ್ಬ ಇದ್ದನೆಂದೇ ಯಾರಿಗೂ ಗೊತ್ತಿಲ್ಲ. ಈ ಸಲ ಧ್ವಜ ಏರಿಸಲು ಕರೆದಾಗ ಎಲ್ಲರೆದುರು ಹೇಳಿಬಿಟ್ಟೆ. ನಾನು ದೇಶಕ್ಕಾಗಿ ಹೋದವನಲ್ಲ, ನಂಟನ ಕೈ ಕಡಿದು ಹೋದವನು ಎಂದೆ. ಆಮೇಲೆ ಹೊಸ ಹೆಡ್‌ಮಾಸ್ತರು ಎದ್ದು ಮಕ್ಕಳಿಗೆ ಹೇಳಿದರು: “ನೋಡ್ರಪ್ಪಾ, ದೊಡ್ಡೋರು ತಮ್ಮ ತ್ಯಾಗಾನ ತಾವೇ ಹೇಳ್ಕೊಳಲ್ಲ.” ಚಪ್ಪಾಳೆ ಬಿತ್ತು. ನನ್ನ ತೋಳು ಹಿಡಿದು ಕುರ್ಚಿಗೆ ಕೂರಿಸಿದರು.

ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಇದು ವಿನಯವಲ್ಲ. ಇದನ್ನೂ ನಂಬದಿದ್ದರೆ ಮತ್ತೆ ಬರೆಯುತ್ತೇನೆ. ನಮ್ಮ ಶಾಲೆಯ ಅಂಗಳಕ್ಕೆ ಜೈಲಿನಿಂದ ಇಬ್ಬರು ಬಂದಿದ್ದರು. ನಿಜ ಹೇಳಿದವನನ್ನು, ಸುಳ್ಳನಾದ ನಾನು ಹೊರಗೆ ಹಾಕಿಸಿದೆ.