ಮನೆ ಮೇಲೆ ಹಾರಿದ ಬೆಳಗಾವಿ ವಿಮಾನ

ನಮ್ಮ ಕೋಡಿಹಳ್ಳಿಯಲ್ಲಿ ಗಡಿಯಾರಕ್ಕಿಂತ ವಿಮಾನಕ್ಕೇ ಮರ್ಯಾದೆ ಜಾಸ್ತಿ. ಏರ್‌ಪೋರ್ಟು ಬೀದಿಯ ಬೆನ್ನಿಗೇ ಇತ್ತಲ್ಲ! ಎಪ್ಪತ್ಮೂರರ ದೀಪಾವಳಿಗೆ ಪಕ್ಕದ ಮನೆಗೆ ಬಂದ ಶಿವಬಸಮ್ಮನಿಗೆ ಮೊದಮೊದಲು, ಇಳಿಯುವ ವಿಮಾನ ಹೆಂಚಿನ ಮೇಲೆ ಹಾದಾಗಲೆಲ್ಲ ಎದೆ ಝಲ್ಲೆನ್ನುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ತಲೆ ಎತ್ತಿಯೂ ನೋಡದೆ ರೊಟ್ಟಿ ಬಡಿಯುತ್ತಿದ್ದಳು.

ಗಂಡ ವೀರಣ್ಣ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವವನು. ಒಂದು ದಿನವೂ ವಿಮಾನ ಹತ್ತಿದವನಲ್ಲ, ಮಾತು ಕೇಳಿದರೆ ಮಾತ್ರ ಅವನೇ ಓಡಿಸುತ್ತಾನೆ ಅನ್ನಬೇಕು. ಒಬ್ಬಳೇ ಮಗಳು ಶರಣಮ್ಮನನ್ನು ಬೆಳಗಾವಿಗೆ ಕೊಟ್ಟಿದ್ದರು. ಈಗ ಚೊಚ್ಚಲ ಬಸುರಿ. ತಾಯಿ ಹೋಗಿ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮೊದಲ ತುತ್ತು ಉಣಿಸುವ ಕುಬಸಕ್ಕೆ ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನದ ಮುಹೂರ್ತ ಗೊತ್ತಾಯಿತು.

ವೀರಣ್ಣ ಜಂಬದಿಂದ ಹೆಂಡತಿಗೆ ಅದೇ ಬೆಳಿಗ್ಗೆಯ ವಿಮಾನದ ಟಿಕೆಟ್ಟು ತಂದುಬಿಟ್ಟ. ರಸ್ತೆಯಲ್ಲಾದರೆ ಐನೂರು ಕಿಲೋಮೀಟರು, ರಾತ್ರಿಯಿಡೀ ಬಸ್ಸು. ಆಕಾಶದಲ್ಲಿ ನಾನೂರೈವತ್ತೂ ಇಲ್ಲ, ಒಂದೂವರೆ ಗಂಟೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿಸುತ್ತಾರೆ ಅಂದ. ಮೋಡಕ್ಕೆ ಮೈಲುಗಲ್ಲು ನೆಟ್ಟವರು ಯಾರು ಅಂತ ಶಿವಬಸಮ್ಮ ಕೇಳಿದಳು. ಆದರೂ ಒಳಗೊಳಗೇ ಹಿಗ್ಗಿದಳು, ನನಗೆ ಗೊತ್ತಿಲ್ಲವೇ?

ಬೇಗ ಹೋಗಿ ಅಲ್ಲೇ ಕೂತಿರಿ ಅಂತ ನಾನು ಬಡಕೊಂಡೆ. ವೀರಣ್ಣ ಕೇಳಬೇಕಲ್ಲ! ವಿಮಾನ ಮೊದಲು ನಮ್ಮ ಮನೆ ಮೇಲೆ ಬಂದು ಇಳಿಯಬೇಕು, ಜನ ಇಳಿಯಬೇಕು, ವಿಮಾನಕ್ಕೆ ಎಣ್ಣೆ ಕುಡಿಸಬೇಕು. ಸದ್ದು ಕೇಳಿದ ಮೇಲೆ ಹೊರಟರೂ ಸಾಕಷ್ಟು ಹೊತ್ತಿದೆ ಅಂದ. ನಮ್ಮ ಬೀದಿಯವರೆಲ್ಲ ನೆಂಟರನ್ನು ಕರೆತರಲು ಹೋಗುತ್ತಿದ್ದದ್ದೂ ಹಾಗೆಯೇ. ಶಿವಬಸಮ್ಮ ಇಳಕಲ್ ಸೀರೆಯುಟ್ಟು, ಗಂಟು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕೂತಳು.

ಸದ್ದು ಬಂತು. ನಾನು ಅಂಗಳದಿಂದ ನೋಡಿದೆ, ವಿಮಾನದ ಮೂಗು ಮೇಲಿತ್ತು.

"ರೀ ಶಿವಬಸಮ್ಮ, ಇದು ಇಳೀತಿಲ್ಲ ಕಣ್ರೀ, ಏರ್ತಿದೆ" ಅಂದೆ.

ರಾತ್ರೋರಾತ್ರಿ ಮುಂಗಾರು ಗಾಳಿ ತಿರುಗಿತ್ತು. ವಿಮಾನಗಳು ಗಾಳಿಗೆ ಎದುರಾಗಿಯೇ ಏರುವುದು, ಇಳಿಯುವುದು. ಚಳಿಗಾಲವೆಲ್ಲ ನಮ್ಮ ಕಡೆಯಿಂದ ಇಳಿಯುತ್ತಿದ್ದವು. ಆ ದಿನ ಮಾತ್ರ ಆಚೆ ಮಾರತ್ತಹಳ್ಳಿ ಕಡೆಯಿಂದ ಇಳಿದು, ನಮ್ಮ ಕಡೆಗೆ ಏರುತ್ತಿದ್ದವು. ನಮ್ಮ ತಲೆಯ ಮೇಲೆ ಹೋದದ್ದು ಬೆಳಗಾವಿಗೆ ಹೊರಟ ವಿಮಾನವೇ. ಶಿವಬಸಮ್ಮ ಅಲ್ಲೇ ಕುಸಿದು ಅತ್ತಳು. ತಾಯಿಯಿಲ್ಲದ ಕುಬಸ ಆಗಿಹೋಯಿತಲ್ಲ ಅಂತ ನಾನೂ ಮರುಗಿದೆ. ಸಂಜೆ ವೀರಣ್ಣ ಅವಳನ್ನು ಬೆಳಗಾವಿ ಬಸ್ಸು ಹತ್ತಿಸಿ ಬಂದ.

ಮುಂದಿನದನ್ನು ಆಕೆ ವಾಪಸು ಬಂದ ಮೇಲೆ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ನನಗೆ ಹೇಳಿದಳು. ಶನಿವಾರ ಬೆಳಿಗ್ಗೆ ಬೀಗರ ಮನೆ ಮುಟ್ಟಿದಾಗ ಬಾಗಿಲಲ್ಲೇ ಬೀಗಿತ್ತಿ ಸಿಡಿಮಿಡಿ. ನಿನ್ನೆ ಅಳಿಯ ಸಾಂಬ್ರಾದಲ್ಲಿ ಕಾದು ಒಬ್ಬನೇ ವಾಪಸು ಬಂದನಂತೆ, ಮುತ್ತೈದೆಯರೆಲ್ಲ ಉಂಡು ಹೋದರಂತೆ, ಮುಹೂರ್ತವೂ ದಾಟಿತಂತೆ, ಸೊಸೆ ಮಾತ್ರ ಕುಬಸಕ್ಕೆ ಕೂರಲೇ ಇಲ್ಲವಂತೆ. ಒಳಗೆ ಶರಣಮ್ಮ ಹಳೇ ಸೀರೆಯಲ್ಲೇ ಗೋಡೆಗೊರಗಿ ಕೂತಿದ್ದಳು. ಯಾಕವ್ವಾ ಹೀಗೆ ಹಠ ಮಾಡಿದಿ ಅಂತ ಶಿವಬಸಮ್ಮ ಕೇಳಿದಳು.

"ವಿಮಾನ ನಿನ್ನ ಬಿಟ್ಟು ಬಂತಂತ ನಾನೂ ನಿನ್ನ ಬಿಟ್ಟು ಹ್ಯಾಂಗ ಕೂಡ್ಲೆವ್ವಾ?" ಅಂದಳಂತೆ ಮಗಳು. "ಕೈ ತೊಳ್ಕೊಂಡು ಬಾ, ನಿನ್ನೆಯಿಂದ ಹಸದೀನಿ."